ಎಲ್‌ಸಿ ನನ್ನ ಹೆಸರಿನಲ್ಲಿತ್ತು

ಭಾನುವಾರ ಮಧ್ಯಾಹ್ನ, ಸಂಜೆಯ ಕಾರ್ಯಕ್ರಮಕ್ಕೆಂದು ಜುಬ್ಬಾ ಇಸ್ತ್ರಿ ಮಾಡುತ್ತಾ ನಿಂತಿದ್ದೆ. ನಮ್ಮ ಸೆಕ್ಷನ್ ಆಫೀಸರ್ ಫೋನ್ ಬಂತು. ಭಾನುವಾರದ ದಿನ ಯೋಗಕ್ಷೇಮ ವಿಚಾರಿಸಲು ಫೋನ್ ಮಾಡುವ ಆಸಾಮಿಯಲ್ಲ ಅವರು. ಎತ್ತದೆ ಇರೋಣ ಎಂದುಕೊಂಡೆ. ಆದರೆ ಲೈನ್‌ಮನ್ ಆದವನು ಫೋನ್ ಎತ್ತದಿದ್ದರೆ ಅವರು ಮನೆಯ ಪಕ್ಕದ ಅಂಗಡಿಯವನಿಗೆ ಫೋನ್ ಮಾಡುತ್ತಾರೆ, ಅವನು ಬಂದು ಬಾಗಿಲು ಬಡಿಯುತ್ತಾನೆ. ಎತ್ತಿದೆ.

“ಎಲ್ಲಿದ್ದೀಯಪ್ಪ?”

“ಮನೇಲಿ ಸರ್. ಇವತ್ತು ರಜೆ ಹಾಕಿದ್ನಲ್ಲ, ಹಳೇಬೀಡಲ್ಲಿ ಪ್ರೋಗ್ರಾಂ ಐತೆ ಅಂತ.”

“ಗೊತ್ತು ಕಣಯ್ಯ. ಕಣಕಟ್ಟೆ ಫೀಡರ್ ಹೋಗಿದೆ. ತೋಟದೊಳಗೆ ಗರಿ ಬಿದ್ದು ವೈರ್ ಕಟ್ಟಾಗಿದೆಯಂತೆ. ನಿಮ್ಮ ಸೀನಿಯರ್ ಒಬ್ರೇ ಇದ್ದಾರೆ, ಒಬ್ಬರನ್ನೇ ಲೈನ್ ಮೇಲೆ ಹತ್ತಿಸೋಕಾಗುತ್ತಾ? ಒಂದು ಗಂಟೆ ಕೆಲಸ. ಮುಗಿಸಿ ಹೋಗು.”

ಒಂದು ಗಂಟೆ ಕೆಲಸ ಎಂದು ಶುರುವಾಗಿ ಒಂದು ಗಂಟೆಯಲ್ಲಿ ಮುಗಿದ ಕೆಲಸವನ್ನು ನಾನು ಈ ನೌಕರಿಯಲ್ಲಿ ನೋಡಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿ ಇಟ್ಟೆ. ಜುಬ್ಬಾವನ್ನು ಮಡಿಚಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೈಕಿನ ಬಾಕ್ಸಿನಲ್ಲಿಟ್ಟುಕೊಂಡು, ಖಾಕಿ ಅಂಗಿ ತೊಟ್ಟು ಹೊರಟೆ. ಹೊರಡುವಾಗಲೇ ನನ್ನ ತಲೆಯಲ್ಲಿದ್ದದ್ದು ಲೈನ್ ಅಲ್ಲ, ಗಡಿಯಾರ.

ನಮ್ಮ ತಂಡದ ವಿಷಯ ಒಂದಿಷ್ಟು ಹೇಳಬೇಕು. ಅರಸೀಕೆರೆಯ ಹೈಸ್ಕೂಲ್ ಟೀಚರ್ ಒಬ್ಬರು ಕಟ್ಟಿದ ಸಣ್ಣ ತಂಡ ಅದು. ಟೀಚರ್ ಮುಖ್ಯ ಗಾಯಕಿ. ತಬಲಾದವನಿಗೆ ಮೊಬೈಲ್ ಅಂಗಡಿ ಇದೆ, ಕೀಬೋರ್ಡಿನವನು ಬ್ಯಾಂಕಿನಲ್ಲಿದ್ದಾನೆ. ನಾನು ಹಾಡುತ್ತೇನೆ, ಅದಕ್ಕಿಂತ ಹೆಚ್ಚಾಗಿ ಹಾಡಿಗೆ ವಾದ್ಯ ಕೂರಿಸುತ್ತೇನೆ. ಎಲ್ಲರೂ ಹೊಟ್ಟೆಪಾಡಿನ ಕೆಲಸ ಮುಗಿಸಿ, ಟೀಚರ್ ಮನೆಯ ಹಾಲಿನಲ್ಲಿ ಸೇರುತ್ತಿದ್ದೆವು. ಮದುವೆ, ಆರತಕ್ಷತೆ, ಗಣೇಶನ ಪೆಂಡಾಲುಗಳಲ್ಲಿ ಸಿನಿಮಾ ಹಾಡು ಹಾಡಿ ಹಾಡಿ ನಮಗೇ ಬೇಸರ ಹಿಡಿದಿತ್ತು. ಆ ಭಾನುವಾರದ್ದು ಹಾಗಲ್ಲ. ನಮ್ಮ ಕಡೆಯ ಹೆಂಗಸರಿಂದ ನಾನು ಕೇಳಿ ಕಲಿತ ಬೀಸುವ ಪದ, ಸೋಬಾನೆ ಪದಗಳದ್ದೇ ಪೂರ್ತಿ ಕಾರ್ಯಕ್ರಮ, ಹಳೇಬೀಡಿನ ಸಮುದಾಯ ಭವನದಲ್ಲಿ. ಸಿನಿಮಾ ಹಾಡು ಒಂದೂ ಇರಲಿಲ್ಲ. ಇದನ್ನು ಜನ ಕೂತು ಕೇಳುತ್ತಾರೆ ಎಂದು ಟೀಚರನ್ನು ಒಪ್ಪಿಸಲು ನಾನು ತಿಂಗಳುಗಟ್ಟಲೆ ತಲೆ ತಿಂದಿದ್ದೆ.

ಟೀಚರಿಗೆ ನನ್ನ ಮೇಲೆ ಒಂದು ಹಳೇ ಸಿಟ್ಟಿತ್ತು. ಬೇಲೂರಿನ ಮದುವೆಯೊಂದರಲ್ಲಿ ಹಾಡಿನ ನಡುವೆಯೇ ಫೋನ್ ಬಂದು, ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗಿದೆ ಎಂದು ನಾನು ವೇದಿಕೆ ಇಳಿದು ಹೋಗಿದ್ದೆ. ಯುಗಳ ಗೀತೆಯನ್ನು ಅವರೊಬ್ಬರೇ ಹಾಡಿ ಮುಗಿಸಿದ್ದರು. ಆಮೇಲೆ ಒಂದೇ ಮಾತು ಹೇಳಿದ್ದರು: “ಇನ್ನೊಂದ್ಸಲ ಹೀಗೆ ಬಿಟ್ಟು ಹೋಗೋದಾದ್ರೆ ಬರಲೇಬೇಡಿ.” ಅವರು ಹೇಳಿದ್ದು ತಪ್ಪಲ್ಲ. ಆದರೆ ನಾನು ಯಾವುದೋ ಒಂದು ಕಡೆ ಪೂರ್ತಿ ಇರುವ ಮನುಷ್ಯನಾಗಿರಲಿಲ್ಲ. ತಾಲೀಮಿನಲ್ಲಿ ಕೂತಾಗ ಫೋನ್ ಕಡೆ ಒಂದು ಕಣ್ಣು, ಕಂಬದ ಮೇಲಿದ್ದಾಗ ಬಾಯಲ್ಲಿ ಪಲ್ಲವಿ.

ತೋಟಕ್ಕೆ ಹೋದಾಗ ಅಣ್ಣ ಆಗಲೇ ಬಂದು ನಿಂತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಹಿರಿಯ ಲೈನ್‌ಮನ್. ನಾನು ಸೇರಿದ ದಿನದಿಂದ ಅವರನ್ನು ಅಣ್ಣ ಎನ್ನುತ್ತೇನೆ, ಅವರ ಹೆಂಡತಿಯನ್ನು ಅತ್ತಿಗೆ. ಅತ್ತಿಗೆಯ ತವರು ಹಳೇಬೀಡಿನ ಹತ್ತಿರದ ಹುಲಿಕೆರೆ. ಅವರು ತಾಯಿಯಿಂದ ಕಲಿತುಬಂದ ಬೀಸುವ ಪದವೊಂದು ಆ ಸಂಜೆಯ ಕಾರ್ಯಕ್ರಮದಲ್ಲಿತ್ತು. ಸೊಸೆಯೊಬ್ಬಳು ರಾಗಿ ಬೀಸುತ್ತಾ ಅತ್ತೆಯನ್ನು ಛೇಡಿಸುವ ಪದ ಅದು. ಅಣ್ಣನಿಗೆ ಅದರ ಬಗ್ಗೆ ನನಗಿಂತ ಹೆಚ್ಚು ಸಡಗರ.

“ಎಷ್ಟೊತ್ತಿಗ್ಲಾ ಪ್ರೋಗ್ರಾಂ?”

“ಐದೂವರೆಗಣ್ಣ.”

“ಹಂಗಾದ್ರೆ ಬಿರ್ರನೆ ಮುಗಿಸೋವಾ. ಎಲ್‌ಸಿ ತಗೋ.”

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಹನ್ನೊಂದು ಸಾವಿರ ವೋಲ್ಟಿನ ಲೈನ್ ಮುಟ್ಟುವ ಮೊದಲು ವಿದ್ಯುತ್ ಸ್ಟೇಷನ್ನಿನ ಆಪರೇಟರಿಗೆ ಫೋನ್ ಮಾಡಿ, ಅಲ್ಲಿಂದ ಊರುಗಳಿಗೆ ಕರೆಂಟ್ ಒಯ್ಯುವ ಆ ಫೀಡರ್ ಲೈನನ್ನು ಆಫ್ ಮಾಡಿಸಿ, ಕೆಲಸಕ್ಕೆ ಬಂದವರಲ್ಲಿ ಒಬ್ಬರ ಹೆಸರಿನಲ್ಲಿ ಅದನ್ನು ತೆಗೆದುಕೊಳ್ಳಬೇಕು. ಯಾರ ಹೆಸರಿನಲ್ಲಿ ತೆಗೆದುಕೊಂಡಿದೆಯೋ ಅವರೇ ವಾಪಸ್ ಕೊಡಬೇಕು. ವಾಪಸ್ ಕೊಡುವುದು ಎಂದರೆ, ‘ನಮ್ಮವರೆಲ್ಲ ಕೆಳಗಿಳಿದಿದ್ದಾರೆ, ಲೈನ್ ಮೇಲೆ ಯಾರೂ ಇಲ್ಲ, ಕರೆಂಟ್ ಬಿಡಿ’ ಎಂದು ಬಾಯಿಬಿಟ್ಟು ಹೇಳುವುದು. ಆಪರೇಟರಿಗೆ ಕಂಬ ಕಾಣುವುದಿಲ್ಲ, ಕಂಬದ ಮೇಲಿರುವವನಿಗೆ ಸ್ಟೇಷನ್ ಕಾಣುವುದಿಲ್ಲ. ನಡುವೆ ಇರುವುದು ಎಲ್‌ಸಿ ತೆಗೆದುಕೊಂಡವನ ಮಾತು ಮಾತ್ರ. ಅದಕ್ಕೇ ಅವನು ಕೊನೆಯ ಮನುಷ್ಯ ಇಳಿಯುವ ತನಕ ಕಂಬದ ಬುಡ ಬಿಟ್ಟು ಕದಲಬಾರದು ಎಂಬುದು ನಿಯಮ.

ಆ ದಿನ ಸ್ಟೇಷನ್ನಿನಲ್ಲಿ ಡ್ಯೂಟಿಯಲ್ಲಿದ್ದದ್ದು ಒಬ್ಬ ಆಪರೇಟರ್ ಮೇಡಂ. ಎಲ್‌ಸಿ ಕೊಡುವಾಗ ಇಷ್ಟು ಪ್ರಶ್ನೆ, ವಾಪಸ್ ತೆಗೆದುಕೊಳ್ಳುವಾಗ ಇಷ್ಟು ಪ್ರಶ್ನೆ ಎಂದು ಅವರದೊಂದು ಪಾಠವಿತ್ತು. ಒಂದು ಪ್ರಶ್ನೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಿರಲಿಲ್ಲ. ಸೆಕ್ಷನ್ ಆಫೀಸಿನಲ್ಲಿ ಟೀ ಕುಡಿಯುವಾಗ ಅವರ ದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದವನು ನಾನೇ. ದನಿ ಅನುಕರಿಸುವುದು ನನಗೆ ಸಲೀಸು, ಹಾಡುವವನಲ್ಲವೇ.

ಎಲ್‌ಸಿ ನನ್ನ ಹೆಸರಿನಲ್ಲಿ ಸಿಕ್ಕಿತು. ಕಟ್ಟಾದ ಜಾಗದ ಪಕ್ಕದ ಕಂಬದಲ್ಲಿ ಅರ್ತ್ ರಾಡ್ ಹಾಕಿದೆವು. ಉದ್ದನೆಯ ಕೋಲಿನ ತುದಿಯ ಕೊಕ್ಕೆಯನ್ನು ಮೂರೂ ತಂತಿಗಳಿಗೆ ಸಿಕ್ಕಿಸಿ, ಅದರ ವೈರನ್ನು ನೆಲಕ್ಕೆ ಹೂಳುತ್ತೇವೆ. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ನೆಲಕ್ಕಿಳಿದು ಸ್ಟೇಷನ್ನಿನಲ್ಲೇ ಟ್ರಿಪ್ ಆಗುತ್ತದೆ. ಮಾತು ಕೆಟ್ಟರೂ ಮನುಷ್ಯ ಉಳಿಯಲಿ ಎಂಬ ಏರ್ಪಾಡು.

ಕೆಲಸ ಅಂದುಕೊಂಡಂತೆ ಸಾಗಲಿಲ್ಲ. ಗರಿಯ ಜೊತೆ ಒಂದು ಒಣ ಗೊನೆಯೂ ಬಿದ್ದು ಕಂಬದ ಮೇಲೆ ತಂತಿ ಹೊರುವ ಪಿಂಗಾಣಿಯ ಪಿನ್ ಇನ್ಸುಲೇಟರ್ ಒಡೆದಿತ್ತು. ಅದು ನಮ್ಮ ಹತ್ತಿರ ಇರಲಿಲ್ಲ. ಅಣ್ಣನನ್ನು ಕೆಳಗೇ ಇರಲು ಹೇಳಿ ನಾನು ಸೆಕ್ಷನ್ ಆಫೀಸಿಗೆ ಹೋಗಿ ತರುವಷ್ಟರಲ್ಲಿ ಹೊತ್ತು ಜಾರಿತ್ತು. ತೋಟದವರ ಕೈಯನ್ನೂ ಸೇರಿಸಿ ಹಗ್ಗ ಹಾಕಿ ತಂತಿ ಎಳೆದು, ಜಾಯಿಂಟ್ ಹಾಕಿ, ಹೊಸ ಇನ್ಸುಲೇಟರಿಗೆ ಬಿಗಿದೆವು. ಮುಗಿಯಿತು ಎಂದುಕೊಂಡಾಗ ಅಣ್ಣ ಲೈನಿನ ಉದ್ದಕ್ಕೂ ನೋಡುತ್ತಾ ಹೋಗಿ, ತೋಟದ ಆಚೆ ಬದಿಯ ಕಂಬದಲ್ಲಿ ಒಂದು ಜಂಪ್ ಸುಟ್ಟು ನೇತಾಡುತ್ತಿರುವುದನ್ನು ಪತ್ತೆ ಮಾಡಿದರು. ಎರಡು ತಂತಿಗಳನ್ನು ಸೇರಿಸುವ ಸಣ್ಣ ತುಂಡು ಅದು. ಅದಿಲ್ಲದೆ ಮುಂದಿನ ಊರುಗಳಿಗೆ ಕರೆಂಟ್ ಹೋಗುವುದಿಲ್ಲ.

ಅಷ್ಟರಲ್ಲಿ ಟೀಚರ್ ಎರಡು ಸಲ ಫೋನ್ ಮಾಡಿದ್ದರು. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಮುಖ ಹೇಗಿಟ್ಟುಕೊಂಡಿದ್ದೆನೋ ಏನೋ, ಅಣ್ಣನೇ ಹೇಳಿದರು:

“ನೀನು ಹೊಂಡಪ್ಪ. ಒಂದು ಜಂಪ್ ತಾನೇ, ನಾನು ಕೂರಿಸ್ತೀನಿ. ಟೀಚರಮ್ಮ ಕಾಯ್ತಿರ್ತಾರೆ.”

“ಎಲ್‌ಸಿ ನನ್ನ ಹೆಸರಲ್ಲೈತಲ್ಲಣ್ಣ.”

“ಇಳಿದೇಟ್ಗೆ ಫೋನ್ ಮಾಡ್ತೀನಿ. ನೀನು ಅಲ್ಲಿಂದ್ಲೇ ವಾಪಸ್ ಕೊಡು.”

“ಇಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ. ಒಂದು ಮಿಸ್ ಕಾಲ್ ಕೊಡಿ, ಸಾಕು.”

ನಾವು ಹಾಗೆ ಎಷ್ಟೋ ಸಲ ಮಾಡಿದ್ದೆವು. ಟಿಸಿ ಫ್ಯೂಸ್ ಹಾಕಿದ ಮೇಲೆ, ಮನೆಯ ಕನೆಕ್ಷನ್ ಮುಗಿಸಿದ ಮೇಲೆ, ಒಂದು ಮಿಸ್ ಕಾಲ್ ಕೊಟ್ಟರೆ ಆಯಿತು ಎಂದು ಅರ್ಥ. ಎಲ್‌ಸಿಗೆ ಮಾತ್ರ ಹಾಗೆ ಮಾಡಿರಲಿಲ್ಲ. ನಾನು ಮಾಡಬೇಕಾಗಿದ್ದದ್ದು ಸುಲಭವಿತ್ತು. ಆಪರೇಟರಿಗೆ ಫೋನ್ ಮಾಡಿ, ಎಲ್‌ಸಿಯನ್ನು ಅಣ್ಣನ ಹೆಸರಿಗೆ ಬದಲಾಯಿಸಿಕೊಳ್ಳಿ ಎನ್ನಬೇಕಿತ್ತು. ಮೇಡಂ ಮತ್ತೆ ತಮ್ಮ ಪಾಠ ಒಪ್ಪಿಸುತ್ತಾರೆ, ನೀವು ಯಾಕೆ ಹೋಗುತ್ತಿದ್ದೀರಿ ಎಂದು ಕೇಳುತ್ತಾರೆ, ಹತ್ತು ನಿಮಿಷ ಹಾಳು. ಬೇಡವೆನ್ನಿಸಿತು.

ಅಣ್ಣ ತೋಟದ ಆಚೆಗೆ ಹೋದರು. ನಾನು ಈಚೆ ಕಂಬದಲ್ಲಿ ನಿಂತು ಅರ್ತ್ ರಾಡ್ ಬಿಚ್ಚಿಬಿಟ್ಟೆ. ಅಣ್ಣನಿಗೆ ಭುಜದ ನೋವು, ಅಷ್ಟುದ್ದದ ಕೋಲನ್ನು ಒಬ್ಬರೇ ಎತ್ತಿ ಬಿಚ್ಚುವುದು ಕಷ್ಟ, ಅವರು ಹೇಗೂ ಇನ್ನು ಹತ್ತು ನಿಮಿಷದಲ್ಲಿ ಇಳಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಅದು ನನಗೆ ಉಪಕಾರವೆಂದೇ ಕಂಡಿತು. ಅವರಿಗೆ ಹೇಳಲಿಲ್ಲ. ಕೂಗಿದ್ದರೆ ಕೇಳುತ್ತಿತ್ತು, ಬೇಡ ಎನ್ನುತ್ತಿದ್ದರು. ರಾಡಿನ ತುಂಡುಗಳನ್ನೂ ಸಾಮಾನಿನ ಚೀಲವನ್ನೂ ಬೈಕಿಗೆ ಕಟ್ಟಿಕೊಂಡು ಅರಸೀಕೆರೆ ರಸ್ತೆ ಹಿಡಿದೆ. ದಾರಿಯಲ್ಲಿ ಸೆಕ್ಷನ್ ಆಫೀಸಿನಲ್ಲಿ ಅವನ್ನು ಇಳಿಸಲೂ ನಿಲ್ಲಲಿಲ್ಲ.

ಜಾವಗಲ್ ದಾಟಿ ಹಳೇಬೀಡು ತಲುಪಿದಾಗ ಭವನದ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಅದನ್ನು ಕಂಡು ಖುಷಿಯಾಯಿತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಟೀಚರ್ ನನ್ನನ್ನು ನೋಡಿ ಉಸಿರು ಬಿಟ್ಟರು. “ಬಂದ್ರಲ್ಲ ಸದ್ಯ,” ಎಂದರು. ಖಾಕಿ ಕಳಚಿ ಜುಬ್ಬಾ ತೊಡುತ್ತಿದ್ದೆ. ಫೋನ್ ಒಂದೇ ಒಂದು ಸಲ ರಿಂಗಾಗಿ ನಿಂತಿತು. ಅಣ್ಣನ ನಂಬರ್.

ಕೂಡಲೇ ಸ್ಟೇಷನ್ನಿಗೆ ಫೋನ್ ಮಾಡಿದೆ.

“ಎಲ್‌ಸಿ ವಾಪಸ್ ಮೇಡಂ, ಕಣಕಟ್ಟೆ ಫೀಡರ್. ಚಾರ್ಜ್ ಮಾಡಿ.”

“ಕೆಲಸ ಪೂರ್ತಿ ಮುಗಿದಿದೆಯಾ?”

“ಮುಗಿದಿದೆ.”

“ಎಲ್ಲರೂ ಇಳಿದಿದ್ದಾರಾ?”

“ಇಳಿದಿದ್ದಾರೆ.”

“ಅರ್ತ್ ಬಿಚ್ಚಿದ್ದೀರಾ?”

“ಬಿಚ್ಚಿದ್ದೀನಿ ಮೇಡಂ, ರಾಡ್ ನನ್ನ ಹತ್ರಾನೇ ಐತೆ.”

ಹೇಳಿದ ಮೂರು ಉತ್ತರಗಳಲ್ಲಿ ನನಗೆ ಕಣ್ಣಾರೆ ಗೊತ್ತಿದ್ದದ್ದು ಅದೊಂದೇ. ನನ್ನ ಹಿಂದೆ ತಬಲಾದವನು ಸುತ್ತಿಗೆ ಹಿಡಿದು ಶ್ರುತಿ ಕೂರಿಸುತ್ತಿದ್ದ.

“ಅದೇನ್ರೀ ಸದ್ದು?”

“ಪಕ್ಕದಲ್ಲಿ ಭಜನೆ ಮೇಡಂ, ದೇವಸ್ಥಾನದಲ್ಲಿ.”

“ಮೈಕಲ್ಲಿ ‘ಹಲೋ ಚೆಕ್’ ಅಂತಿದ್ದಾರಲ್ಲ. ಕರೆಂಟಿಲ್ಲದ ಊರಲ್ಲಿ ಮೈಕ್ ಹೇಗ್ರೀ ಬಂತು?”

ಜನರೇಟರ್ ಎಂದಿದ್ದರೆ ನಡೆದುಹೋಗುತ್ತಿತ್ತೋ ಏನೋ. ಆಗ ಅದು ಹೊಳೆಯಲಿಲ್ಲ, ಹೊಳೆಯದೇ ಇದ್ದದ್ದೇ ಒಳ್ಳೆಯದಾಯಿತು.

“ನೀವು ಸ್ಪಾಟಲ್ಲಿ ಇಲ್ಲ,” ಎಂದರು ಮೇಡಂ. “ನಾನು ಚಾರ್ಜ್ ಮಾಡಲ್ಲ. ಮೇಲೆ ಹತ್ತಿದ್ದವರು ಯಾರೋ ಅವರ ಬಾಯಿಂದ ಕೇಳಬೇಕು. ಅವರ ಕೈಲಿ ಫೋನ್ ಮಾಡಿಸಿ.”

“ಎಲ್‌ಸಿ ನನ್ನ ಹೆಸರಲ್ಲೈತೆ ಮೇಡಂ. ನಾನು ಹೇಳ್ತಿದ್ದೀನಲ್ಲ?”

“ಅದಕ್ಕೇ ಕೇಳ್ತಿರೋದು.”

ನನಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದೆ. ಕುರ್ಚಿಯಲ್ಲಿ ಫ್ಯಾನ್ ಕೆಳಗೆ ಕೂತವರಿಗೆ ನಮ್ಮ ಕಷ್ಟ ಏನು ಗೊತ್ತು ಎಂದೆ. ನಿಮ್ಮಂಥವರಿಂದಲೇ ಜನ ನಮಗೆ ಉಗಿಯುವುದು ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, “ಸ್ಪಾಟಿಗೆ ಹೋಗಿ ಫೋನ್ ಮಾಡಿ,” ಎಂದು ಇಟ್ಟರು.

ಅಷ್ಟಕ್ಕೂ ಬಿಡಲಿಲ್ಲ ನಾನು. ಸೆಕ್ಷನ್ ಆಫೀಸರ್ ಸಾಹೇಬರಿಗೆ ಫೋನ್ ಮಾಡಿ, ಕೆಲಸ ಮುಗಿದು ಕಾಲು ಗಂಟೆಯಾಯಿತು, ಮೇಡಂ ಸುಮ್ಮನೆ ಸತಾಯಿಸುತ್ತಿದ್ದಾರೆ ಎಂದು ದೂರು ಹೇಳಿದೆ. ನೀನು ಎಲ್ಲಿದ್ದೀಯ ಎಂದು ಕೇಳಿದಾಗ, ಲೈನ್ ಹತ್ತಿರವೇ ಎಂದೆ. ಅವರು ಮೇಡಂಗೆ ಫೋನ್ ಮಾಡಿ ಗದರಿದರಂತೆ. ಮತ್ತೆ ನನಗೆ ಮಾಡಿದಾಗ ಅವರ ದನಿ ಇಳಿದಿತ್ತು.

“‘ನೀವು ಆರ್ಡರ್ ಕೊಡಿ ಸರ್, ನಿಮ್ಮ ಹೆಸರು ಬರ್ಕೊಂಡು ಸ್ವಿಚ್ ಹಾಕ್ತೀನಿ’ ಅಂತಾರೆ ಕಣಯ್ಯ. ನಾನ್ಯಾಕೆ ಮೈಮೇಲೆ ಎಳ್ಕೊಳ್ಳಿ? ಅಣ್ಣನ ಕೈಲಿ ಒಂದು ಮಾತು ಹೇಳಿಸಿಬಿಡು.”

ಅಣ್ಣನಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬಂತು. ಮತ್ತೆ ಮಾಡಿದೆ, ಅದೇ. ಆಗ ಒಂದು ಯೋಚನೆ ಬಂತು. ಮಿಸ್ ಕಾಲ್ ಕೊಡುವಾಗ ಅಣ್ಣ ಎರಡು ಮೂರು ರಿಂಗ್ ಆಗಲು ಬಿಡುತ್ತಾರೆ. ಇದು ಒಂದೇ ರಿಂಗಿಗೆ ನಿಂತಿತ್ತು. ಆ ಯೋಚನೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಟೀಚರ್ ಬಾಗಿಲಲ್ಲಿ ನಿಂತು, “ಹೆಸರು ಕರೀತಿದ್ದಾರೆ, ಬನ್ನಿ,” ಎಂದರು.

ಬೈಕ್ ಹೊರಗೇ ಇತ್ತು. ಟೀಚರಿಗೆ ಹೇಳಬಹುದಿತ್ತು. ಕಣಕಟ್ಟೆಯಲ್ಲಿರುವ ಯಾರಿಗಾದರೂ ಫೋನ್ ಮಾಡಿ, ತೋಟಕ್ಕೆ ಹೋಗಿ ನೋಡಪ್ಪ ಎನ್ನಬಹುದಿತ್ತು. ನಾನು ಫೋನನ್ನು ಸೈಲೆಂಟಿಗೆ ಹಾಕಿ ಜುಬ್ಬಾದ ಜೇಬಿಗಿಳಿಸಿ ವೇದಿಕೆ ಹತ್ತಿದೆ. ಮೇಡಂಗೆ ನನ್ನ ಮೇಲೆ ಹಟ, ಅಷ್ಟೇ ಎಂದು ತೀರ್ಮಾನಿಸಿಕೊಂಡಿದ್ದೆ. ಕರೆಂಟಿಲ್ಲದೆ ಕೂತ ಊರುಗಳ ಬೈಗುಳ ಅವರಿಗೇ ಹೋಗಲಿ ಎಂದೂ ಅಂದುಕೊಂಡೆ.

ಹಾಡಿದೆ. ಚೆನ್ನಾಗಿಯೇ ಹಾಡಿದೆ. ಬೇರೆ ಥರ ಹೇಳಿದರೆ ಸುಳ್ಳಾಗುತ್ತದೆ. ಎರಡು ಸೋಬಾನೆ ಪದಗಳಾದ ಮೇಲೆ ಅತ್ತಿಗೆಯ ಬೀಸುವ ಪದ ಎತ್ತಿಕೊಂಡೆ. ಮೊದಲು ವಾದ್ಯವಿಲ್ಲದೆ ಬರೀ ದನಿ, ಆಮೇಲೆ ಕಲ್ಲು ತಿರುಗುವ ಲಯಕ್ಕೆ ತಬಲಾ ನಿಧಾನವಾಗಿ ಸೇರಿಕೊಳ್ಳಬೇಕು, ಅಲ್ಲಿಂದ ಅತ್ತೆಯನ್ನು ಛೇಡಿಸುವ ಸಾಲಿಗೆ ಲಯ ಏರಬೇಕು ಎಂದು ನಾನು ಕೂರಿಸಿದ್ದೆ. ಲಯ ಏರಿದ ಕೂಡಲೇ ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಹುಲಿಕೆರೆಯಿಂದ ಬಂದವರು ಕೆಲವರಿದ್ದರು, ಪದ ಗುರುತು ಹಿಡಿದು ದನಿಗೂಡಿಸಿದರು. ಒಬ್ಬಾಕೆ ಫೋನನ್ನು ಎತ್ತಿ ಹಿಡಿದು ಯಾರಿಗೋ ಕೇಳಿಸುತ್ತಿದ್ದಳು. ಹಾಡು ಮುಗಿದಾಗ, ಇನ್ನೊಮ್ಮೆ ಹಾಡಿ ಎಂದು ಕೂಗಿದರು. ಇನ್ನೊಮ್ಮೆ ಹಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ಗಳಿಗೆ ಬೇರೆ ಇಲ್ಲ. ಆ ಗಳಿಗೆಯಲ್ಲಿ ನನಗೆ ಅಣ್ಣನ ನೆನಪು ಒಂದಿಷ್ಟೂ ಇರಲಿಲ್ಲ.

ಕಾರ್ಯಕ್ರಮ ಮುಗಿಯುವಾಗ ಹೊರಗೆ ಆಗ ತಾನೇ ಕತ್ತಲಾಗಿತ್ತು. ಯಾರೋ ಶಾಲು ಹೊದಿಸಿದರು, ಯಾರೋ ಕೈ ಕುಲುಕಿದರು. ಜೇಬಿನಲ್ಲಿ ಫೋನ್ ಅದುರಿತು. ಅಣ್ಣ. ಭವನದ ಹಿಂದಿನ ಮೆಟ್ಟಿಲಿಗೆ ಬಂದು ಎತ್ತಿದೆ.

“ಈಗ ಇಳಿದೆ ಕಣಪ್ಪ, ಎಲ್‌ಸಿ ವಾಪಸ್ ಕೊಡು. ಸುಟ್ಟಿದ್ನ ಬಿಡಿಸೋಕೇ ಒಂದು ಗಂಟೆ ಹಿಡೀತು, ಆಮೇಲೆ ನೋಡಿದ್ರೆ ಜಂಪ್ ಬಿಗಿಯೋ ಕ್ಲ್ಯಾಂಪ್ ಚೀಲದೊಳಗೆ ಇತ್ತು, ನೀನು ಹೊತ್ಕೊಂಡೋಗಿದ್ದೆ. ಅದ್ನ ಕೇಳೋಣ ಅಂತ ಮೇಲಿಂದ್ಲೇ ಒಂದ್ಸಲ ಫೋನ್ ಮಾಡ್ದೆ, ಕಟ್ಟಾಗೋಯ್ತು. ಆಮೇಲೆ ತಂತೀನೇ ಎಳೆ ಬಿಡಿಸಿ ಸುತ್ತಿ ಸುತ್ತಿ ಕೂರಿಸ್ದೆ, ಅದಕ್ಕೇ ಇಷ್ಟೊತ್ತಾಯ್ತು. ಅದಿರ್ಲಿ, ಹಾಡು ಹೆಂಗಾಯ್ತು?”

ಚೆನ್ನಾಗಾಯ್ತಣ್ಣ ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ ತಿಳಿಯದು. ನಾನು ಆಪರೇಟರಿಗೆ ‘ಎಲ್ಲರೂ ಇಳಿದಿದ್ದಾರೆ’ ಎಂದಾಗ ಈ ಮನುಷ್ಯ ಎರಡು ಕೈಯಲ್ಲೂ ತಂತಿ ಹಿಡಿದುಕೊಂಡು ಕಂಬದ ಮೇಲಿದ್ದರು. ಅವರನ್ನು ಉಳಿಸಬೇಕಾಗಿದ್ದ ರಾಡ್ ಇಲ್ಲಿ ನನ್ನ ಬೈಕಿಗೆ ಕಟ್ಟಿತ್ತು.

ಸ್ಟೇಷನ್ನಿಗೆ ಫೋನ್ ಮಾಡಿ, ಹಳೇಬೀಡಿನಲ್ಲಿದ್ದೇನೆ ಎಂದು ಮೊದಲೇ ಹೇಳಿದೆ. ಮೇಡಂ ಅಣ್ಣನನ್ನೂ ಅದೇ ಲೈನಿಗೆ ಸೇರಿಸಲು ಹೇಳಿದರು. ಅದೇ ಪ್ರಶ್ನೆಗಳನ್ನು, ಅದೇ ದನಿಯಲ್ಲಿ, ಈ ಸಲ ಅಣ್ಣನನ್ನು ಕೇಳಿದರು. ಅರ್ತ್ ಬಿಚ್ಚಿದೆಯಾ ಎಂಬಲ್ಲಿಗೆ ಬಂದಾಗ ಅಣ್ಣ, “ಒಸಿ ತಡೀರಿ ಮೇಡಂ, ರಾಡ್ ಆ ಕಡೆ ಕಂಬದಲ್ಲೈತೆ, ಹೋಗಿ ಬಿಚ್ತೀನಿ,” ಎಂದರು. ನಾನು ನಡುವೆ ಬಾಯಿ ಹಾಕಿ, “ಬಿಚ್ಚೈತಣ್ಣ, ನನ್ನ ಹತ್ರ ಐತೆ,” ಎಂದೆ. ಆಮೇಲೆ ಮೇಡಂ, “ಚಾರ್ಜ್ ಮಾಡ್ತಿದ್ದೀನಿ, ಲೈನಿಂದ ದೂರ ನಿಲ್ಲಿ,” ಎಂದು ಅಣ್ಣನಿಗೆ ಹೇಳಿ ಫೋನ್ ಇಟ್ಟರು.

ಟೀಚರ್ ಊಟಕ್ಕೆ ಕರೆದರು. ಹಸಿವಿಲ್ಲ ಎಂದು ಹೊರಟುಬಿಟ್ಟೆ. ಅವರು ನನಗೆ ಗರ್ವ ಬಂದಿದೆ ಎಂದುಕೊಂಡರಂತೆ.

ಮರುದಿನ ಬೆಳಿಗ್ಗೆ ಮೊದಲು ಸ್ಟೇಷನ್ನಿಗೆ ಹೋದೆ. ಮೇಡಂ ರಾತ್ರಿಯ ಪಾಳಿಯನ್ನೂ ಸೇರಿಸಿ ಡ್ಯೂಟಿ ಮುಗಿಸಿ ಹೊರಡುವ ಹೊತ್ತು. ಹಿಂದಿನ ಸಂಜೆ ಕರೆಂಟ್ ಯಾಕೆ ಬಿಡುತ್ತಿಲ್ಲ ಎಂದು ಕೆಲವರು ಬೈಕಿನಲ್ಲಿ ಬಂದು, ಗೇಟ್ ಅಲ್ಲಾಡಿಸಿ, ಆಡಬಾರದ ಮಾತುಗಳನ್ನೆಲ್ಲ ಆಡಿ ಹೋಗಿದ್ದರಂತೆ. ಕೆಲಸ ಮುಗಿದಿದೆಯಂತೆ, ಲೈನ್‌ಮನ್ನೇ ಹೇಳಿದ್ದಾನಂತೆ, ಆದರೂ ಈಯಮ್ಮ ಬಿಡುತ್ತಿಲ್ಲ ಎಂದು ಸುದ್ದಿ ಹಬ್ಬಿತ್ತು. ಸಾಹೇಬರ ಬಾಯಿಂದ ಹೊರಟ ಸುದ್ದಿ ಇರಬೇಕು. ಅವರ ಕಿವಿಗೆ ಹಾಕಿದವನು ನಾನೇ. ಮೇಡಂ ಒಳಗಿನಿಂದ ಬೀಗ ಹಾಕಿಕೊಂಡು ಒಬ್ಬರೇ ಕೂತಿದ್ದರು ಎಂದು ವಾಚ್‌ಮನ್ ಹೇಳಿದ.

“ತಪ್ಪಾಯ್ತು ಮೇಡಂ,” ಎಂದೆ.

ಅವರು ಚೀಲ ಹೆಗಲಿಗೇರಿಸಿಕೊಳ್ಳುತ್ತಾ ಕೇಳಿದರು: “ಮೇಲಿದ್ರಲ್ಲ, ಅವರಿಗೆ ಗೊತ್ತಾ? ಅವರು ಮೇಲಿದ್ದಾಗಲೇ ನೀವು ಎಲ್‌ಸಿ ವಾಪಸ್ ಕೊಟ್ಟಿದ್ದು?”

“ಇಲ್ಲ.”

“ಹಾಗಾದ್ರೆ ನನ್ನ ಹತ್ರ ಯಾಕೆ ಬಂದ್ರಿ?”

ಬಸ್ಸಿಗೆ ಹೊತ್ತಾಯಿತು ಎಂದು ಅವರು ಹೋದರು. ನಾನು ಅಲ್ಲಿಂದ ನೇರ ಅಣ್ಣನ ಮನೆಗೆ ಹೋಗಲಿಲ್ಲ. ಟೀ ಅಂಗಡಿಯಲ್ಲಿ ಕೂತು, ಹೇಳದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಏನೂ ಆಗುವುದಿಲ್ಲ. ಮೇಡಂ ರಿಪೋರ್ಟ್ ಮಾಡಿದರೆ ನನಗೊಂದು ಮೆಮೊ ಬರುತ್ತದೆ, ಸ್ಪಾಟ್ ಬಿಟ್ಟು ಹೋಗಿದ್ದಕ್ಕೆ ಎಂದು ಅಣ್ಣನಿಗೆ ಹೇಳಿದರೆ ಆಯಿತು, ಅವರು ನಂಬುತ್ತಾರೆ. ಅವರು ನಂಬುತ್ತಾರೆ ಎಂಬುದೇ ತಡೆಯಲಾರದಂತಾಗಿ ಎದ್ದು ಹೋದೆ.

ಅತ್ತಿಗೆ ಬಾಗಿಲಲ್ಲೇ ಎದುರಾದರು. ಅವರ ಮುಖ ಅರಳಿತ್ತು.

“ಬಾರಪ್ಪಾ ಬಾ! ಏನ್ ಹಾಡ್ದೆ ನೀನು! ನಮ್ಮ ಹುಲಿಕೆರೆ ತಂಗಿ ಫೋನ್ ಹಿಡ್ಕೊಂಡು ಪೂರ್ತಿ ಕೇಳಿಸಿದ್ಲು. ಇಲ್ಲಿ ಕರೆಂಟ್ ಇರ್ನಿಲ್ಲ, ಮಬ್ಬುಗತ್ತಲಲ್ಲೇ ಕುಂತು ಕೇಳ್ದೆ. ನಗಾಡಿ ನಗಾಡಿ ಸಾಕಾಯ್ತು. ನಮ್ಮವ್ವ ಇದ್ದಿದ್ರೆ ಎಷ್ಟು ಖುಷಿ ಪಡೋಳು!”

ಅಣ್ಣ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನ್ನಿಸಿತು.

“ಅಣ್ಣ, ನಿನ್ನೆ ನೀವು ಒಂದ್ಸಲ ಫೋನ್ ಮಾಡಿ ಕಟ್ಟಾಯ್ತಲ್ಲ, ಅದನ್ನೇ ಇಳಿದ್ರಿ ಅಂದ್ಕೊಂಡು ನಾನು ಎಲ್‌ಸಿ ವಾಪಸ್ ಕೊಟ್ಟುಬಿಟ್ಟಿದ್ದೆ. ಚಾರ್ಜ್ ಮಾಡಿ ಅಂತ ಹೇಳಿದ್ದೆ. ಮೇಡಂ ಹಾಕ್ಲಿಲ್ಲ.”

ಅಣ್ಣ ಲೋಟವನ್ನು ಬಾಯಿಂದ ಇಳಿಸಿದರು.

“ರಾಡ್ ಯಾವಾಗ ಬಿಚ್ಚಿದ್ದೆ?”

“ಹೋಗೋವಾಗ್ಲೇ ಬಿಚ್ಕೊಂಡಿದ್ದೆ.”

“ನಾನು ಮೇಲೆ ಹತ್ತೋಕೂ ಮುಂಚೇನಾ?”

“ಹೂಂ.”

ಅವರು ಲೋಟವನ್ನು ಪಕ್ಕಕ್ಕಿಟ್ಟು ಅಂಗಳದ ಕಡೆ ತಿರುಗಿದರು. ಬೈಯಲಿ ಎಂದು ಕಾದೆ. ಎದ್ದು ಕಪಾಳಕ್ಕೆ ಬಾರಿಸಿದ್ದರೂ ಸಮಾಧಾನವಾಗುತ್ತಿತ್ತು. ಕೊನೆಗೆ ಅವರು, “ಹೊಂಡು ಅಂದೋನು ನಾನೇ ಅಲ್ವಾ. ಫೋನ್ ಮಾಡ್ದೋನೂ ನಾನೇ. ನಂದೂ ತಪ್ಪೈತೆ ಬುಡು,” ಎಂದರು. ನನ್ನ ಪಾಲಿನದನ್ನು ಅವರು ಹಾಗೆ ಹೊತ್ತುಕೊಳ್ಳಲು ಹೊರಟಾಗ ನಾಚಿ ನೆಲಕ್ಕಿಳಿದುಹೋದೆ.

ಅತ್ತಿಗೆ ಇನ್ನೂ ಬಾಗಿಲಲ್ಲೇ ಇದ್ದರು. ಮೂವತ್ತು ವರ್ಷ ಲೈನ್‌ಮನ್ನನ ಹೆಂಡತಿಯಾಗಿದ್ದವರಿಗೆ ಎಲ್‌ಸಿ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

“ನಾನು ನಗಾಡ್ತಾ ಕುಂತಿದ್ನಲ್ಲಪ್ಪಾ,” ಎಂದರು.

ಅಷ್ಟೇ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೂ ಒಂದು ಲೋಟ ಕಾಫಿ ತಂದು ಜಗುಲಿಯ ಮೇಲಿಟ್ಟರು, ಕೈಗೆ ಕೊಡಲಿಲ್ಲ. ಕುಡಿದು ಬಂದೆ.

ಮೆಮೊ ಬಂತು, ಉತ್ತರ ಬರೆದೆ, ಒಂದು ಇನ್‌ಕ್ರಿಮೆಂಟ್ ನಿಂತಿತು. ಸೆಕ್ಷನ್ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಈಗ ಟೀ ಹೊತ್ತಿನಲ್ಲಿ ಮೇಡಂ ದನಿಯನ್ನು ಯಾರೂ ಅಣಕಿಸುವುದಿಲ್ಲ, ನಾನು ಇದ್ದಾಗಲಂತೂ ಇಲ್ಲ. ಟೀಚರಿಗೂ ನಡೆದದ್ದನ್ನು ಹೇಳಿದೆ. ಅವರು, ಇನ್ನು ಮುಂದೆ ಕಾರ್ಯಕ್ರಮದ ದಿನ ಡ್ಯೂಟಿಗೆ ಕರೆ ಬಂದರೆ ಹೋಗಿಬಿಡಿ, ನಾನೇನೂ ಅನ್ನುವುದಿಲ್ಲ ಎಂದರು. ಆ ಬೀಸುವ ಪದವನ್ನು ನಾನು ಆಮೇಲೆ ಹಾಡಿಲ್ಲ. ಬೇಡ ಎಂದು ಅತ್ತಿಗೆ ಹೇಳಿಲ್ಲ, ಹಾಡು ಎಂದೂ ಹೇಳಿಲ್ಲ. ತಂಡ ಬಿಟ್ಟಿಲ್ಲ. ಬಿಟ್ಟುಬಿಡುತ್ತೇನೆ ಎಂದು ಒಂದು ವಾರ ಓಡಾಡಿದೆ. ಆಮೇಲೆ, ಬಿಟ್ಟರೆ ಹಾಡಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ ಎನ್ನಿಸಿತು. ತಪ್ಪು ಮಾಡಿದ್ದು ಹಾಡಲ್ಲ.

ಮೆಮೊ ಬಂದ ವಾರವೇ ಕೆರೆಯ ಏರಿಯ ಮೇಲಿನ ಕಂಬದಲ್ಲಿ ಕೆಲಸವಿತ್ತು. ಅಣ್ಣ ಇನ್ನು ನನ್ನ ಜೊತೆ ಬರುವುದಿಲ್ಲ, ಬಂದರೂ ಎಲ್‌ಸಿಯನ್ನು ತಮ್ಮ ಹೆಸರಿನಲ್ಲೇ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಎಂದಿನಂತೆ ಬಂದರು. ಎಂದಿನಂತೆ ಬೆಲ್ಟ್ ಎಳೆದು ನೋಡಿದರು, ಗ್ಲೌಸ್ ಊದಿ ತೂತಿದೆಯೇ ಎಂದು ನೋಡಿದರು, ರಾಡಿನ ಕೊಕ್ಕೆ ಬಿಗಿಯಿದೆಯೇ ಎಂದು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಇವತ್ತು ಪ್ರೋಗ್ರಾಂ ಇಲ್ಲ ತಾನೇ?”

ದನಿಯಲ್ಲಿ ಕುಹಕವಿರಲಿಲ್ಲ. ಬೆಲ್ಟು, ಗ್ಲೌಸು, ರಾಡು ನೋಡಿದ ಹಾಗೆಯೇ ಅದನ್ನೂ ಕೇಳಿದ್ದರು. ಅಂದಿನಿಂದ ಇಂದಿನವರೆಗೆ, ಪ್ರತಿ ಸಲ, ಕಂಬಕ್ಕೆ ಕಾಲಿಡುವ ಮೊದಲು ಕೇಳುತ್ತಾರೆ.

“ಇಲ್ಲಣ್ಣ,” ಎಂದೆ.

“ಹಂಗಾದ್ರೆ ಎಲ್‌ಸಿ ನೀನೇ ತಗೋ,” ಎಂದರು.